ಹುಳ ನೋಡುವ ದೊಡ್ಡಕ್ಕೋರು

ನಮ್ಮ ದೊಡ್ಡಕ್ಕೋರಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಸೂರಿನಡಿ ಉಂಡು ಮಲಗಿದ ನನ್ನನ್ನೇ ಎಷ್ಟೋ ಸಲ ನನಗಿಂತ ಮೊದಲಿದ್ದ ಟೀಚರ ಹೆಸರಿನಿಂದ ಕರೆದಿದ್ದಾರೆ. ಆದರೆ ಹೋದ ಮುಂಗಾರಿನಲ್ಲಿ ಕಂದೀಲಿಗೆ ಬಂದು ಹೋದ ಪತಂಗ ಈ ಮುಂಗಾರಿನಲ್ಲಿ ಮತ್ತೆ ಕಂಡರೆ ಸಾಕು, ಬೀಗರು ಬಂದಂತೆ ಮುಖ ಅರಳುತ್ತಿತ್ತು. "ಬರ್ರಿ ಬರ್ರಿ, ಈ ಸಲ ತಡಾ ಮಾಡಿದ್ರಲ್ಲ!" ಅದು ಹೋದ ವರ್ಷದ್ದಲ್ಲ, ಅದರ ಮಗಳೋ ಮೊಮ್ಮಗಳೋ ಇರಬೇಕು ಎಂದು ನಾನು ಕೊಂಕು ತೆಗೆದರೆ, "ಮುಖ ಅದ ಐತಲ್ರಿ, ಮತ್ತೇನು ಬೇಕು?" ಎನ್ನುತ್ತಿದ್ದರು.

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಸಿರುಗುಪ್ಪಕ್ಕೆ ಕೊಟ್ಟ ಹುಡುಗಿ. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ. ದೊಡ್ಡಕ್ಕೋರು ಹೋದರು, ತಮ್ಮನ ಮನೆಯಲ್ಲಿ, ಮಲಗಿದಲ್ಲೇ, ಎಂದು ಹೇಳಿದಳು. ಬಸ್ಸು ಹೊರಡುವ ಹೊತ್ತು, ಹೆಚ್ಚು ಮಾತಾಡಲಾಗಲಿಲ್ಲ. ಮನೆಗೆ ಬಂದು ಚೆನ್ನಾಗಿ ಅತ್ತೆ.

ಅವರ ಹೆಸರು ಬರೆಯುವುದಿಲ್ಲ. ಕುರುಗೋಡಿನಲ್ಲಿ ಅವರನ್ನು ಹೆಸರಿಟ್ಟು ಕರೆದವರನ್ನು ನಾನಂತೂ ಕಾಣೆ. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಕುರುಗೋಡಿನ ಸಾಲೆಯಲ್ಲಿ ಇದ್ದ ಹೆಂಗಸರು ನಾವಿಬ್ಬರೇ. ಹಾಗಾಗಿ ಅವರು ದೊಡ್ಡಕ್ಕೋರು, ನಾನು ಸಣ್ಣಕ್ಕೋರು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಹುಟ್ಟಿ ಬೆಳೆದವಳು. ಹಳ್ಳಿ ಎಂದರೆ ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಕುರುಗೋಡಿನ ಸಾಲೆಗೆ ನನ್ನ ಮೊದಲ ನೇಮಕವಾದಾಗ, ಮದುವೆಯಾಗದ ಹುಡುಗಿಗೆ ಬಾಡಿಗೆ ಕೋಣೆ ಯಾರು ಕೊಡುತ್ತಾರೆ? ಹೆಡ್‌ಮಾಸ್ಟರು, "ನಮ್ಮ ದೊಡ್ಡಕ್ಕೋರ ಮನೆಯಲ್ಲಿ ಇರಿ, ಅವರೂ ಒಬ್ಬರೇ ಇರೋದು" ಎಂದರು. ಟ್ರಂಕು ಹೊರಿಸಿಕೊಂಡು ಮುಸ್ಸಂಜೆಗೆ ಹೋದೆ. ಹಿಂದಿನ ದಿನವಷ್ಟೇ ಮಳೆ ಬಿದ್ದು ನೆಲ ಹಸಿಯಾಗಿತ್ತು. ನೋಡಿದರೆ ಅಂಗಳದಲ್ಲಿ ಬೇವಿನ ಗಿಡಕ್ಕೂ ಗೋಡೆಗೂ ನಡುವೆ ಉದ್ದಕ್ಕೆ ಬಿಳಿ ಬಟ್ಟೆ ಇಳಿಬಿಟ್ಟಿದೆ, ಅದರ ಮುಂದೆ ಕಂದೀಲು ಉರಿಯುತ್ತಿದೆ, ದಪ್ಪ ಕನ್ನಡಕದ ಹೆಂಗಸೊಬ್ಬರು ಮಣೆಯ ಮೇಲೆ ಅಲ್ಲಾಡದೆ ಕೂತಿದ್ದಾರೆ. ಸಾವಿನ ಮನೆ ಹೊಕ್ಕೆನೇನೋ ಎನಿಸಿತು.

"ಯಾರು ಹೋದ್ರಿ?" ಎಂದೆ ಮೆಲ್ಲಗೆ.

"ಯಾರೂ ಹೋಗಿಲ್ಲ. ಬರಾಕತ್ತಾರ. ಸುಮ್ಮನ ಕುಂದುರ್ರಿ."

ಕೂತೆ. ಕೂತ ಐದು ನಿಮಿಷಕ್ಕೆ ಬೆರಳುದ್ದದ ಪತಂಗವೊಂದು ಬಂದು ನನ್ನ ತುರುಬಿನಲ್ಲಿ ಹೊಕ್ಕಿತು ನೋಡಿ! ನಾನು ಕಿರುಚಿದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ಎದುರು ಮನೆಯ ನಾಗಮ್ಮ ಓಡಿ ಬಂದಳು. ದೊಡ್ಡಕ್ಕೋರು ಮಾತ್ರ ನನ್ನನ್ನು ಬಿಟ್ಟು, ತುರುಬಿನ ಕಡೆ ಬಗ್ಗಿ, "ಅಂಜಬ್ಯಾಡ ನಮ್ಮವ್ವಾ, ಅಂಜಬ್ಯಾಡ" ಎಂದು ಹುಳಕ್ಕೆ ಸಮಾಧಾನ ಹೇಳುತ್ತಿದ್ದರು. ಅದನ್ನು ಬಿಡಿಸಿ ಬೇವಿನ ಗಿಡಕ್ಕೆ ಕೂರಿಸಿದ ಮೇಲೆ ನನ್ನ ಕಡೆ ತಿರುಗಿದರು. "ಅಲ್ರಿ ಸಣ್ಣಕ್ಕೋರ, ಒಂದು ಹುಳಕ್ಕ ಹಿಂಗ ಕೂಗಿದ್ರ ನಾಳೆ ಆರನೇ ಕ್ಲಾಸಿನ ಹುಡುಗ್ಯಾರ ಮುಂದ ಹೆಂಗ ನಿಲ್ತೀರಿ?"

ಅವರ ಹುಚ್ಚಿಗೂ ಒಂದು ಋತುವಿತ್ತು. ರೋಹಿಣಿ ಮಳೆಯ ಮೊದಲ ಹನಿಗೆ ಟ್ರಂಕಿನಿಂದ ಬಟ್ಟೆ ಹೊರಬರುತ್ತಿತ್ತು. ಹಸ್ತ, ಚಿತ್ತ ಮುಗಿದು ಚಳಿ ಬಿದ್ದ ಮೇಲೆ ಒಗೆದು, ನೀಲಿ ಹಾಕಿ, ಮಡಿಚಿ, ನುಸಿಗುಳಿಗೆ ಇಲ್ಲದೆ ಒಳಗೆ ಹೋಗುತ್ತಿತ್ತು. "ಕರೆಯಾಕ ಇಟ್ಟ ಬಟ್ಟಿಗೆ ಓಡಸೋ ವಾಸನಿ ಹಚ್ಚಬಾರದು" ಎನ್ನುವುದು ಅವರ ತರ್ಕ. ಬಂದವುಗಳನ್ನು ಹಿಡಿಯುತ್ತಿರಲಿಲ್ಲ, ಚುಚ್ಚಿ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ, ಏನೂ ಬರೆದಿಡುತ್ತಿರಲಿಲ್ಲ. ನೋಡುವುದು ಅಷ್ಟೇ. ಅದರಿಂದ ಏನು ಬಂತು ಎಂದು ನಾನು ಕೇಳಿದ್ದಕ್ಕೆ, "ನೀವು ಸಿನೆಮಾ ನೋಡಿ ಏನು ತಂದ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದರು.

ಪುಸ್ತಕದ ಹೆಸರು ಅವರಿಗೆ ಬೇಕಿರಲಿಲ್ಲ, ತಾವೇ ಇಟ್ಟಿದ್ದರು. ಹೊಟ್ಟೆ ಡೊಳ್ಳಾಗಿ ಕಂದೀಲಿಗೆ ಡಿಕ್ಕಿ ಹೊಡೆಯುತ್ತಾ ಬರುವುದು ಸಾಹುಕಾರ. ಒಂದು ನಿಮಿಷ ಕೂತು, ಎಲ್ಲ ಮೂಲೆಗೂ ಹಣಿಕಿ, ಏನೂ ಕಲಿಯದೆ ಹೋಗುವುದು ಇನಿಸ್ಪೆಕ್ಟರು. ಬಟ್ಟೆಯ ಅಂಚಿಗೆ ಒತ್ತಿ ಕೂತು ಅಲ್ಲಾಡದ ಎಳೆ ಹಸಿರು ಬಣ್ಣದ್ದು ಹೊಸಾ ಸೊಸಿ. ಇನ್ನೊಂದಿತ್ತು, ಬೆನ್ನ ಮೇಲೆ ತಲೆಬುರುಡೆಯ ಗುರುತಿದ್ದದ್ದು. ಮುಟ್ಟಿದರೆ ಕಿಚ್ ಎಂದು ಕೂಗುತ್ತಿತ್ತು. ಅದು ಬುರುಡಿ ಮಾವ. ಒಂದು ಸಂಜೆ ಹೆಡ್‌ಮಾಸ್ಟರು, ಊರವರು ಆಡಿಕೊಳ್ಳುತ್ತಾರೆ, ಇದೆಲ್ಲ ಯಾಕೆ ಎಂದು ಬುದ್ಧಿ ಹೇಳಲು ಬಂದಿದ್ದರು. ಆದೋನಿ ಕಡೆಯವರು, ಗಾಬರಿಯಾದರೆ ಕನ್ನಡ ಮರೆತು ತೆಲುಗು ಬರುತ್ತಿತ್ತು. ಬುರುಡಿ ಮಾವ ಅವರ ಶರ್ಟಿನ ಮೇಲೆ ಕೂತಿತು. ತಟ್ಟಲು ಹೋದರೆ ಕಿಚ್ ಎಂದಿತು. "ಅಮ್ಮೋ! ಅರುಸ್ತುಂದಮ್ಮಾ ಇದಿ!" ಇದು ಅರಚುತ್ತದಲ್ಲಮ್ಮಾ, ಎನ್ನುತ್ತಾ ಅವರು ಹೋದವರು ಆ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ. ಬುದ್ಧಿಮಾತು ಅಲ್ಲಿಗೇ ನಿಂತಿತು.

ಸೀಮೆಎಣ್ಣೆಯ ವಿಷಯದಲ್ಲಿ ಮಾತ್ರ ನಮಗೆ ಜಗಳವಾಗುತ್ತಿತ್ತು. ಪಡಿತರದಲ್ಲಿ ಸಿಗುತ್ತಿದ್ದುದೇ ಅಷ್ಟು. ಅದರಲ್ಲಿ ಅರ್ಧ ಹುಳಗಳ ಪಾಲು. ಹಾಗಾಗಿ ಮಳೆಗಾಲವೆಲ್ಲ ನಮ್ಮ ಊಟ ಕತ್ತಲಲ್ಲಿ. ರೊಟ್ಟಿ ಎಲ್ಲಿ, ಪಲ್ಯ ಎಲ್ಲಿ ಎಂದು ನಾನು ತಡಕಾಡಿದರೆ, "ಬಾಯಿ ಎಲ್ಲೈತಿ ಅಂತ ಕೈಗೆ ಗೊತ್ತೈತಿ, ಉಣ್ರಿ ಸುಮ್ಮನ" ಎನ್ನುವರು. ಒಮ್ಮೆ ನಾನು ಬೆಲ್ಲದ ಚೂರೆಂದು ಉಪ್ಪಿನಕಾಯಿ ಬಾಯಿಗಿಟ್ಟುಕೊಂಡು ಶಾಪ ಹಾಕಿದೆ. ಮರುದಿನ ಸಂಜೆ ಬಜಾರಿನಿಂದ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದು ನನ್ನ ಮುಂದಿಟ್ಟರು. ಅವರು ತಪ್ಪಾಯಿತು ಎನ್ನುವ ರೀತಿಯೇ ಅದು.

ಒಂದು ಸಲ ರಜೆಗೆ ಬಳ್ಳಾರಿಯ ನಮ್ಮ ಮನೆಗೆ ಕರೆದುಕೊಂಡು ಹೋಗಿದ್ದೆ. ನಮ್ಮವ್ವ ಹೋಳಿಗೆ ಮಾಡಿ ಬಡಿಸಿದರೆ, ಇವರು ತಾಟು ಕೈಯಲ್ಲಿ ಹಿಡಿದು ಹೊರಗೆ ಬೀದಿದೀಪದ ಕಂಬದ ಕೆಳಗೆ ನಿಂತು ಮೇಲೆ ನೋಡುತ್ತಾ ಉಂಡರು. ಅವ್ವ ನನ್ನನ್ನು ಒಳಗೆ ಕರೆದು, "ಯಾವಾಗಿಂದ ಹಿಂಗ ಆಕಿ?" ಎಂದು ಕೇಳಿದಳು. ಸಿರುಗುಪ್ಪದಲ್ಲಿದ್ದ ದೊಡ್ಡಕ್ಕೋರ ತಮ್ಮ, ತನ್ನ ಮನೆಗೆ ಬಂದು ಇರು ಎಂದು ಕರೆಯುತ್ತಲೇ ಇದ್ದ. "ಅಲ್ಲಿ ಸುತ್ತಾ ಭತ್ತದ ಗದ್ದಿ. ಹುಳ ಭಾಳ ಅದಾವ, ಖರೆ. ಆದ್ರ ಎಲ್ಲಾ ಒಂದ ನಮೂನಿ" ಎಂದು ಇವರು ಜಾರಿಕೊಳ್ಳುತ್ತಿದ್ದರು.

ಇನ್ನು ಊರಿಗೂ ಈ ಬಟ್ಟೆಗೂ ಬೆಳೆದ ಸಂಬಂಧ ಹೇಳಬೇಕು.

ಕುರುಗೋಡಿನ ಗುಡ್ಡದ ಕಡೆ ಕಾಲುವೆ ನೀರು ಹತ್ತದ ಕೆಂಪು ಮಸಾರಿ ಹೊಲಗಳು. ಅಲ್ಲಿ ಶೇಂಗಾ. ಶೇಂಗಾಕ್ಕೆ ಶತ್ರು ಕಂಬಳಿ ಹುಳ. ಅದರ ತಾಯಿ ಒಂದು ಬಿಳಿ ಪತಂಗ. ವರ್ಷವೆಲ್ಲ ಕೋಶದೊಳಗೆ ಮಣ್ಣಲ್ಲಿ ಮಲಗಿ, ಮುಂಗಾರಿನ ಒಳ್ಳೆಯ ಮಳೆ ನೆಲಕ್ಕಿಳಿದ ಮೇಲೆ ಒಂದು ಸಂಜೆ ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ. ಆ ಸಂಜೆಯೇ ಎಲ್ಲರೂ ಬದುವಿನ ಮೇಲೆ ಹತ್ತಿಕಟ್ಟಿಗೆಯ ಬೆಂಕಿ ಹಾಕಿದರೆ ಪತಂಗಗಳು ಬಂದು ಬೀಳುತ್ತವೆ, ಬೆಳೆ ಉಳಿಯುತ್ತದೆ. ಮುಂಚೆ ಹಾಕಿದರೆ ಕಟ್ಟಿಗೆ ದಂಡ. ತಡವಾದರೆ ಮೊಟ್ಟೆ ಇಟ್ಟು, ಹತ್ತು ದಿನಕ್ಕೆ ಹೊಲ ಬೋಳು. ನಾನು ಬರುವುದಕ್ಕೂ ಮೊದಲೇ, ಆ ಬಿಳಿ ಪತಂಗ ಎಲ್ಲರಿಗಿಂತ ಮೊದಲು ಕಾಣುವುದು ದೊಡ್ಡಕ್ಕೋರ ಬಟ್ಟೆಯ ಮೇಲೆ ಎನ್ನುವುದನ್ನು ನಾಗಮ್ಮನ ಗಂಡ ಬಸಣ್ಣ ಗಮನಿಸಿದ್ದ. ಆಮೇಲೆ ಅದೇ ರೂಢಿಯಾಯಿತು. ಬಿತ್ತನೆಯಾದ ಮೇಲೆ ಮುಸ್ಸಂಜೆಗೆ ಗಂಡಸರು ನಮ್ಮ ಗೋಡೆಯಾಚೆ ಬೀಡಿ ಸೇದುತ್ತಾ ನಿಲ್ಲುವರು.

"ಅಕ್ಕೋರ, ಬಂದಾವೇನ್ರಿ?"

"ಇಲ್ಲಪಾ, ಹೋಗ್ರಿ."

ಯಾವುದೋ ಒಂದು ದಿನ "ಬಂದಾವ" ಎನ್ನುವರು. ಅಷ್ಟೇ. ಗುಡ್ಡದ ಕಡೆ ಸಾಲಾಗಿ ಬೆಂಕಿ ಏಳುತ್ತಿತ್ತು. ಅವತ್ತು ಅವರು ಉಣ್ಣುತ್ತಿರಲಿಲ್ಲ. ನಾನು ಒಮ್ಮೆ ಕೇಳಿಯೇಬಿಟ್ಟೆ: "ಇಷ್ಟು ಸಂಕಟ ಪಡೋರು ಹೇಳೋದ್ಯಾಕ್ರಿ?"

"ನಮ್ಮ ಹುಡುಗ್ಯಾರು ಏನು ತಿಂತಾರ್ರಿ, ನನ್ನ ಹುಳ ತಿಂತಾರ? ಶೇಂಗಾ ಹೋದ್ರ ಮೊದಲು ಸಾಲಿ ಬಿಡಸೋದು ಹೆಣ್ಣುಮಕ್ಕಳನ್ನ." ಸಿಟ್ಟಿನಿಂದಲೇ ಹೇಳಿದರು. ಆಮೇಲೆ ಮುಸುಕು ಹಾಕಿ ಮಲಗಿದರು.

ಒಂದು ವರ್ಷ ರೋಹಿಣಿ ಮಳೆ ಹದವಾಗಿ ಆಗಿ, ಎಲ್ಲರೂ ಬೇಗ ಬಿತ್ತಿದ್ದರು. ಮೃಗಶಿರ ಮಳೆ ಸುರಿದು ಬಿಟ್ಟ ಹೊತ್ತಿಗೆ ಕಾರ ಹುಣ್ಣಿಮೆ ಬಂತು. ಸಾಮಾನ್ಯವಾಗಿ ಹುಣ್ಣಿಮೆಯ ಅಕ್ಕಪಕ್ಕ ದೊಡ್ಡಕ್ಕೋರು ಬಟ್ಟೆ ಕಟ್ಟುತ್ತಲೇ ಇರಲಿಲ್ಲ. ಬೆಳದಿಂಗಳಿದ್ದರೆ ಹುಳಗಳು ದೀಪಕ್ಕೆ ಬರುವುದಿಲ್ಲ. "ನಿನಗೇನು ಕೆಲಸಿಲ್ಲೇನೋ" ಎಂದು ಚಂದ್ರನಿಗೆ ಬೈದು, ಆ ಮೂರು ನಾಲ್ಕು ದಿನ ಹುಡುಗಿಯರ ಪೇಪರು ತಿದ್ದುವುದು ಅವರ ಪದ್ಧತಿ. ಆದರೆ ಆ ವರ್ಷ ಜನ ಕೇಳುತ್ತಿದ್ದರು, ಪೈರು ಎಳೆಯದಿತ್ತು. ಕಟ್ಟಿದರು.

ಎತ್ತುಗಳಿಗೆ ಬಣ್ಣ ಬಳಿದು ಮೆರವಣಿಗೆ ಮಾಡಿ ಬಂದ ಬಸಣ್ಣ ಕೋಡಿನ ಗೊಂಡೆ ಇನ್ನೂ ಬಿಚ್ಚದೆ ಗೋಡೆಯ ಹತ್ತಿರ ನಿಂತ. ಮಳೆ ತೊಳೆದ ಬಾನಲ್ಲಿ ಚಂದ್ರ ಹಾಲಿನಂತೆ ಸುರಿಯುತ್ತಿದ್ದ. ಬಟ್ಟೆ ಖಾಲಿ. ಎರಡು ಸಣ್ಣ ಹುಳ ಬಿಟ್ಟರೆ ಏನೂ ಇಲ್ಲ. ದೊಡ್ಡಕ್ಕೋರು ತುಂಬಾ ಹೊತ್ತು ನೋಡಿದರು.

"ಇನ್ನೂ ಎದ್ದಿಲ್ಲ ಬಸಣ್ಣ."

ಮರುದಿನವೂ ಖಾಲಿ. ಅದರ ಮರುದಿನವೂ. ಅವರು ಇಲ್ಲ ಎಂದರು, ಊರು ನಂಬಿತು. ಬೆಂಕಿ ಏಳಲಿಲ್ಲ. ಹುಳಗಳು ಮಾತ್ರ ಎದ್ದಿದ್ದವು. ಬೆಳದಿಂಗಳಲ್ಲಿ ಕಂದೀಲಿನ ಗೊಡವೆ ಇಲ್ಲದೆ, ನೇರವಾಗಿ ಹೊಲಕ್ಕಿಳಿದು ಮೊಟ್ಟೆ ಇಟ್ಟಿದ್ದವು. ಹುಣ್ಣಿಮೆಗೆ ಬಟ್ಟೆ ಖಾಲಿ ಇರುತ್ತದೆ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಅಷ್ಟು ವರ್ಷ ಬಟ್ಟೆ ನೋಡಿ ನೋಡಿ, ಬಟ್ಟೆಯ ಮೇಲೆ ಇಲ್ಲದ್ದು ಹೊಲದಲ್ಲೂ ಇಲ್ಲ ಎಂದುಕೊಂಡರು. ಎದ್ದು ಹೊಲದವರೆಗೆ ಒಮ್ಮೆ ಹೋಗಿ ನೋಡಬೇಕೆಂದು ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಹತ್ತು ಹನ್ನೆರಡು ದಿನಕ್ಕೆ ಹುಳ ಬಿತ್ತು. ಉಳಿದವರದು ಅಷ್ಟಿಷ್ಟು ಹೋಯಿತು. ಗುಡ್ಡಕ್ಕೆ ಹತ್ತಿದ ನಾಗಮ್ಮನ ಹೊಲದಲ್ಲಿ ಸಾಲಿಗೆ ಸಾಲೇ ಬೋಳಾಯಿತು. ಗಂಡಸರು ಯಾರೂ ಏನೂ ಅನ್ನಲಿಲ್ಲ. ಆದರೆ ನಾಗಮ್ಮ ಬಾಯಿ ಕಟ್ಟಿಕೊಳ್ಳುವ ಹೆಂಗಸಲ್ಲ. ನಡು ಅಂಗಳದಲ್ಲಿ ನಿಂತು ಕೇಳಿದಳು:

"ಅಕ್ಕೋರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹುಳ ಸುಟ್ರ ನೀವು ಉಣ್ಣಂಗಿಲ್ಲ ಅಂತ ಊರಿಗೆಲ್ಲ ಗೊತ್ತೈತಿ. ಅವನ್ನ ಉಳಸಾಕ ಸುಳ್ಳು ಹೇಳಿದ್ರೇನು?"

ನಾನು ರೇಗಿ ಎದ್ದೆ. "ಏ ನಾಗಮ್ಮ, ನಾಲಿಗಿ ಬಿಗಿ ಹಿಡಿ!" ಎಂದೆ. ದೊಡ್ಡಕ್ಕೋರು ಕೈಸನ್ನೆ ಮಾಡಿ ನನ್ನನ್ನು ಕೂರಿಸಿದರು. ಅಷ್ಟು ದೊಡ್ಡ ಹೆಂಗಸು, ತಪ್ಪು ಮಾಡಿದ ಹುಡುಗಿಯ ಹಾಗೆ ನಿಂತರು. ಬೆಳೆ ಹೋದ ದುಃಖ ನಾಗಮ್ಮನದು. ಇವರದು ಮಾತು ಹೋದ ದುಃಖ. ಆ ಸಂಜೆಯೇ ಬಟ್ಟೆ ಮಡಿಚಿ ಟ್ರಂಕಿಗೆ ಹಾಕಿದರು. ಮಳೆಗಾಲ ಇನ್ನೂ ಪೂರ್ತಿ ಉಳಿದಿತ್ತು.

ಮರುದಿನ ಬೆಳಕು ಹರಿಯುವ ಮುಂಚೆ ಎದ್ದು, ಡಬ್ಬಿಯಲ್ಲಿ ನೀರು, ನೀರಿಗಿಷ್ಟು ಸೀಮೆಎಣ್ಣೆ ಹಾಕಿಕೊಂಡು ನಾಗಮ್ಮನ ಹೊಲಕ್ಕೆ ಹೋದರು. ಸಾಲಿನಲ್ಲಿ ಬಗ್ಗಿ ಒಂದೊಂದೇ ಕಂಬಳಿ ಹುಳ ಆರಿಸಿ ಡಬ್ಬಿಗೆ ಹಾಕುವುದು. ಒಂದು ಹುಳಕ್ಕೂ ನೋವು ಮಾಡದವರು! ಸಾಲೆಯ ಗಂಟೆ ಹೊಡೆಯುವವರೆಗೆ ಅದೇ ಕೆಲಸ, ದಿನಾ. ನಾನು ಗೊಣಗುತ್ತಾ, ಕೈಗೆ ಚಿಂದಿ ಸುತ್ತಿಕೊಂಡು ಹಿಂದೆ ಹೋದೆ. ಅವರು ಚಿಂದಿ ಸುತ್ತಿಕೊಳ್ಳಲಿಲ್ಲ. ಕೂದಲು ಚುಚ್ಚಿ ಅಂಗೈ ಕೆಂಪಗೆ ಬಾತು, ಚಾಕ್‌ಪೀಸು ಹಿಡಿಯಲಾಗದೆ ಬೋರ್ಡಿನ ಮೇಲೆ ಬರೆಯುವ ಕೆಲಸ ನನಗೆ ಬಿತ್ತು.

ನಾಗಮ್ಮ ಮೊದಮೊದಲು ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಆಮೇಲೆ ಒಂದು ದಿನ ಔಡಲೆಣ್ಣೆ ಬಟ್ಟಲು ತಂದು, ಅವರ ಕೈ ಹಿಡಿದು ಸವರಿದಳು. ಇವರು ಇನ್ನೊಂದು ಕೈಯನ್ನೂ ಚಾಚಿದರು. ಬೆಳೆ ಅಷ್ಟಿಷ್ಟು ಉಳಿಯಿತು. ಹೋದಲ್ಲಿ ಬಸಣ್ಣ ಹುರುಳಿ ಚೆಲ್ಲಿದ. ನಾಗಮ್ಮನ ಮಗಳು ಸಾಲೆ ಬಿಡಲಿಲ್ಲ. ಬಿಡಿಸಲು ಬಂದರೆ ಹೊಸ್ತಿಲಲ್ಲಿ ಅಡ್ಡ ಮಲಗುತ್ತೇನೆಂದು ದೊಡ್ಡಕ್ಕೋರು ಮೊದಲೇ ಹೇಳಿ ಕಳಿಸಿದ್ದರು.

ಆದರೆ ಬಟ್ಟೆ ಹೊರಗೆ ಬರಲಿಲ್ಲ. ಆ ವರ್ಷವೆಲ್ಲ ನಾವು ದೀಪದ ಬೆಳಕಿನಲ್ಲಿ ಉಂಡೆವು. ಪಲ್ಯ ಯಾವುದು, ಉಪ್ಪಿನಕಾಯಿ ಯಾವುದು ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಕಂದೀಲಿಗೆ ತಾನಾಗಿ ಬಂದ ಪತಂಗವನ್ನೂ ಅವರು ತಲೆ ಎತ್ತಿ ನೋಡುತ್ತಿರಲಿಲ್ಲ. ಸಾಹುಕಾರ ಬಂದು ಗಾಜಿಗೆ ಡಿಕ್ಕಿ ಹೊಡೆದರೆ, ನಾನು, ಹುಳ ಕಂಡರೆ ಹೆದರುವ ನಾನು, "ನೋಡ್ರಿ, ಯಾರು ಬಂದಾರ" ಎನ್ನುತ್ತಿದ್ದೆ. "ಹ್ಞೂ" ಎನ್ನುವರು, ಪೇಪರು ತಿದ್ದುವರು. ಮನೆಯಲ್ಲಿ ಸೂತಕ ಹೊಕ್ಕಂತಿತ್ತು.

ಮುಂದಿನ ವರ್ಷ ರೋಹಿಣಿ ಬಂತು, ಹೋಯಿತು. ಮೃಗಶಿರ ಸುರಿಯಿತು. ಅಮಾವಾಸ್ಯೆ ಹತ್ತಿರ, ಕತ್ತಲೆ ಗಟ್ಟಿಯಾಗಿತ್ತು. ಹುಳ ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. "ಬಟ್ಟಿ ನಾನ ಕಟ್ಟಲೇನ್ರಿ?" ಎಂದು ಕೇಳಿದೆ. "ಬ್ಯಾಡ್ರಿ ಸಣ್ಣಕ್ಕೋರ. ನನ್ನ ಮಾತಿಗೆ ಈಗ ಯಾರು ಬೆಂಕಿ ಹಚ್ತಾರ?" ಎಂದರು. ಗೋಡೆಯಾಚೆ ಬೀಡಿಯ ಕಿಡಿ ಕಾಣದೆ ವರ್ಷವಾಗಿತ್ತು. ಕೇಳಿದರೆ ಅವರಿಗೆ ನೋವಾದೀತೆಂದು ಗಂಡಸರು ಆ ದಾರಿಯನ್ನೇ ಬಿಟ್ಟಿದ್ದರು. ಅದು ದೊಡ್ಡಕ್ಕೋರಿಗೆ ಹೇಗೆ ತಿಳಿಯಬೇಕು?

ದೀಪ ಹಚ್ಚುವ ಹೊತ್ತಿಗೆ ನಾಗಮ್ಮ ಬಂದಳು. ಕೈಯಲ್ಲಿ ಮಡಿಚಿದ ಧೋತರ. ಬಿಚ್ಚಿದರೆ ಅಚ್ಚ ಬಿಳಿ, ಕೆಂಪು ಅಂಚು. ಬಸಣ್ಣನ ಮದುವೆಯದು. ಯಾರನ್ನೂ ಕೇಳದೆ ಒಂದು ತುದಿ ಬೇವಿನ ಗಿಡಕ್ಕೆ, ಇನ್ನೊಂದು ಗೋಡೆಯ ಗೂಟಕ್ಕೆ ಕಟ್ಟಿ, ಒಳಗಿದ್ದ ನಮ್ಮ ಕಂದೀಲು ಎತ್ತಿ ತಂದು ಅದರ ಮುಂದಿಟ್ಟಳು.

"ಏನಿದು ನಾಗಮ್ಮ?" ದೊಡ್ಡಕ್ಕೋರು ಬಾಗಿಲಲ್ಲೇ ನಿಂತರು.

"ಬರ್ರಿ, ಕುಂದುರ್ರಿ."

"ನಾ ಮತ್ತ ತಪ್ಪು ಹೇಳಿದ್ರ?"

"ಹೇಳ್ರಿ. ತಪ್ಪಾದ್ರ ಇಬ್ಬರೂ ಕೂಡಿ ಹುಳ ಆರ್ಸೋಣು. ಹೋದ ವರ್ಷ ನನ್ನ ಬಾಯಿ ಸುಡಗಾಡು ಆಗಿತ್ರಿ ಅಕ್ಕೋರ. ಸುಳ್ಳು ಹೇಳೋರ ಕೈ ಹಂಗ ಬಾತಿರಂಗಿಲ್ಲ, ಅದು ನನಗ ಅವಾಗ ತಿಳೀತು. ಹೇಳಾಕ ಬಾಯಿ ಬರಲಿಲ್ಲ."

ದೊಡ್ಡಕ್ಕೋರು ಬಂದು ಮಣೆಯ ಮೇಲೆ ಕೂತರು. ಪಕ್ಕದಲ್ಲಿ ನಾಗಮ್ಮ ನೆಲದ ಮೇಲೆ ಕೂತಳು. ನಾನು ಸೆರಗನ್ನು ತಲೆತುಂಬ ಹೊದ್ದು ಅವರ ಹಿಂದೆ ಕೂತೆ. ಸಾಹುಕಾರ ಬಂತು. ಹೊಸಾ ಸೊಸಿ ಬಂದು ಕೆಂಪು ಅಂಚಿಗೆ ಒತ್ತಿ ಕೂತಿತು. ಆಮೇಲೆ, ಕತ್ತಲು ಕವಿದಂತೆ, ಒಂದು ಬಿಳಿಯದು. ಹಿಂದೆಯೇ ಇನ್ನೊಂದು. ಇನ್ನೂ ನಾಲ್ಕು. ನೋಡುನೋಡುತ್ತಲೇ ಧೋತರದ ತುಂಬಾ.

ದೊಡ್ಡಕ್ಕೋರು ಮಣೆಯಿಂದ ಎದ್ದರು. ನಾಗಮ್ಮನ ರಟ್ಟೆ ಹಿಡಿದು ಬಟ್ಟೆಯ ಹತ್ತಿರ ಎಳೆದುಕೊಂಡು ಹೋದರು. "ನೀನ ನೋಡು. ನಿನ್ನ ಕಣ್ಣಿಂದ ನೋಡಿ ನೀನ ಹೇಳು, ಬಂದಾವೋ ಇಲ್ಲೋ."

ಹುಟ್ಟಿದಾಗಿನಿಂದ ಆ ಹುಳವನ್ನು ಬೆಂಕಿಯಲ್ಲಿ ಬೀಳುವಾಗ ಮಾತ್ರ ನೋಡಿದ್ದವಳು ನಾಗಮ್ಮ. ಈಗ ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ನೋಡಿದಳು. ಹತ್ತಿಯಂಥ ಬಿಳಿ ರೆಕ್ಕೆ, ರೆಕ್ಕೆಯ ಅಂಚಿಗೆ ಕುಂಕುಮದಲ್ಲಿ ಎಳೆದ ಗೆರೆ, ನಡುಗುವ ಮೀಸೆ. ಒಂದು ಅವಳ ಬಳೆಯ ಮೇಲೆ ಹತ್ತಿ ಕೂತಿತು. ಅವಳು ಕೈ ಕೊಡವಲಿಲ್ಲ.

"ಬಂದಾವ್ರಿ" ಎಂದಳು. ಬಳೆಯ ಮೇಲಿನದನ್ನು ಕಣ್ಣ ಹತ್ತಿರ ತಂದು, "ಅಕ್ಕೋರ... ಎಷ್ಟು ಚಂದ ಅದಾವಲ್ರಿ ಇವು!"

"ಹ್ಞೂನವ್ವಾ, ಭಾಳ ಚಂದ ಅದಾವ." ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋಗು, ಜಲ್ದಿ ಹೋಗು. ಬೆಂಕಿ ಹಚ್ಚಾಕ ಹೇಳು."